ಫೈರ್‌ಫಾಕ್ಸ್‌ನ ಹೊಸ ಟ್ಯಾಬ್ ವ್ಯವಸ್ಥೆ, ಬಳಸಿ ನೋಡಿದ್ಮೇಲೆ

ಯಾವ್ದೇ ಬ್ರೌಸರ್‌ದು ಹೊಸ ವರ್ಷನ್ ಬಂದ್ರೆ ಹಾಕ್ಕೊಂಡು ನೋಡ್ಲೇಬೇಕು ನಂಗೆ, ಫೈರ್‌ಫಾಕ್ಸ್ ಅಂತೂ ಹೆಚ್ಚುಕಮ್ಮಿ 4 ವಾರಕ್ಕೊಂದು ಬಿಡ್ತಾರೆ. 2025ರ ಮಾರ್ಚ್‌ನಲ್ಲಿ ಬಂದ 136ನೇ ವರ್ಷನ್‌ನಲ್ಲಿ ಟ್ಯಾಬ್‌ಗಳನ್ನ ಮೇಲಿನಿಂದ ತೆಗ್ದು ಪಕ್ಕದಲ್ಲಿ ಉದ್ದಕ್ಕೆ ಇಟ್ಕೊಳ್ಳೋ ಅವಕಾಶ ಕೊಟ್ರು ನೋಡಿ, ಅಲ್ಲಿಂದ ನನ್ನ ಕೆಲ್ಸದ ರೀತಿನೇ ಬದಲಾಯ್ತು. ಲ್ಯಾಪ್‌ಟಾಪ್ ಸ್ಕ್ರೀನ್ ಅಗಲ ಜಾಸ್ತಿ ಎತ್ತರ ಕಮ್ಮಿ ಅಲ್ವಾ, ಪಕ್ಕದ ಜಾಗ ಸುಮ್ನೆ ಖಾಲಿ ಬಿದ್ದಿರುತ್ತೆ, ಈಗ 30 ಟ್ಯಾಬ್ ತೆಗೆದ್ರೂ ಎಲ್ಲದ್ರ ಹೆಸರು ಓದೋಕಾಗುತ್ತೆ, ಮುಂಚೆ ಬರೀ ಐಕಾನ್ ನೋಡಿ ಊಹೆ ಮಾಡ್ಬೇಕಿತ್ತು.

138ರಲ್ಲಿ ಟ್ಯಾಬ್ ಗ್ರೂಪ್ ಎಲ್ರಿಗೂ ಬಂತು. ಒಂದು ಟ್ಯಾಬ್‌ನ ಎಳ್ದು ಇನ್ನೊಂದ್ರ ಮೇಲೆ ಬಿಟ್ರೆ ಸಾಕು, ಹೆಸ್ರು ಬಣ್ಣ ಕೊಟ್ಟು ಮಡಚಿ ಇಡ್ಬಹುದು. ಕ್ರೋಮ್‌ನಲ್ಲಿ ಇದು ಎಷ್ಟೋ ವರ್ಷದಿಂದ ಇತ್ತು, ತಡ ಆಯ್ತು ನಿಜ, ಆದ್ರೆ ಚೆನ್ನಾಗಿ ಮಾಡಿದಾರೆ.

ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಅನ್ನೋ ಎಕ್ಸ್‌ಟೆನ್ಶನ್ ಫೈರ್‌ಫಾಕ್ಸ್‌ನಲ್ಲಿ ಪೂರ್ತಿಯಾಗಿ ಕೆಲ್ಸ ಮಾಡುತ್ತೆ, ನಂಗೆ ಇದೊಂದೇ ಕಾರಣ ಸಾಕು. ಮೆನುಗಳೂ ಕನ್ನಡದಲ್ಲಿ ಸಿಗುತ್ತೆ, ಅಮ್ಮನ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಹಾಕ್ಕೊಟ್ಟಿದೀನಿ. ಒಂದು ಬ್ಯಾಂಕಿನ ಸೈಟ್ ಮಾತ್ರ ಬೇರೆ ಬ್ರೌಸರ್ ಬಳಸಿ ಅಂತ ಹಟ ಹಿಡಿಯುತ್ತೆ, ಸೈಟ್ ಮಾಡೋರು ಎಲ್ಲಾ ಬ್ರೌಸರ್‌ನಲ್ಲೂ ಪರೀಕ್ಷೆ ಮಾಡ್ಬೇಕಲ್ವಾ?

ಇನ್ನೂ ಮುಂದಿಂದು ನೋಡ್ಬೇಕು ಅಂದ್ರೆ ನೈಟ್ಲಿ, ಅಂದ್ರೆ ಫೈರ್‌ಫಾಕ್ಸ್‌ನ ಪ್ರಯೋಗದ ವರ್ಷನ್, ಹಾಕ್ಕೊಳ್ಳಿ, ಅದು ಬೇರೆ ಪ್ರೊಫೈಲ್‌ನಲ್ಲೇ ನಡೆಯೋದ್ರಿಂದ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್ ಏನೂ ಕೆಡಲ್ಲ.