ಮಿಕ್ಸಿಗೆ ಹೊದಿಸಿದ ಮೆರಿನೊ ಶಾಲು

ನಮ್ಮ ಅಡುಗೆಮನೆಯ ಮಿಕ್ಸಿ ಈಗ ಶಾಲು ಹೊದ್ದು ಕುಳಿತಿದೆ. ಕಡುಗೆಂಪು ಬಣ್ಣ, ಅಂಚಿನುದ್ದಕ್ಕೂ ಅಡಿಕೆಯ ಹೂಗೊಂಚಲಾದ ಹಿಂಗಾರದ ವಿನ್ಯಾಸ, ಕೊನೆಯ ಸಾಲಿನಲ್ಲಿ 487 ಕುಣಿಕೆ. 55 ಸಂಜೆ ಕುಳಿತು ನಾನೇ ಹೆಣೆದದ್ದು. ಮನೆಗೆ ಬಂದವರು ‘ಮಿಕ್ಸಿಗೂ ಸನ್ಮಾನ ಆಯಿತೇ?’ ಎಂದು ಕೇಳುತ್ತಾರೆ. ಹಾರವೊಂದು ಬಾಕಿ ಇದೆ ಎಂದು ನಾನೂ ನಗುತ್ತೇನೆ. ಆದರೆ ನಡೆದದ್ದನ್ನು ಬರೆದಿಡದಿದ್ದರೆ, ಆ ನೂಲು ಮಾರಿದವನ ಬಲೆಗೆ ನಾಳೆ ಇನ್ನೊಬ್ಬರು ಬೀಳುತ್ತಾರೆ. ಅದಕ್ಕಾಗಿ ಈ ಬರಹ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಫ್ಯಾನು ನಿಲ್ಲಿಸಿದರೆ ಬೆವರು ಇಳಿಯುತ್ತದೆ. ಇಲ್ಲಿ ಕುಳಿತು ಉಣ್ಣೆಯ ಶಾಲು ಹೆಣೆಯುವುದು ಹುಚ್ಚು ಎಂದು ನಮ್ಮವರು ಮೂವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಶಾಲೆಯಲ್ಲಿ ಹೊಲಿಗೆ ಟೀಚರು ಸೀದಾ, ಉಲ್ಟಾ ಹೆಣಿಗೆ ಕಲಿಸಿದ ದಿನದಿಂದ ಹಿಡಿದ ಹುಚ್ಚು ಅದು, ಬಿಡುವಂಥದ್ದಲ್ಲ. ಹೊದೆಯುವವರು ಇಲ್ಲಿ ಯಾರೂ ಇಲ್ಲ ನಿಜ, ಆದರೆ ನಮ್ಮ ಊರಿನ ಮಕ್ಕಳು ಚಳಿ ಇರುವ ಕಡೆಗೇ ಹೋಗಿ ಸೇರಿದ್ದಾರಲ್ಲ! ಅಣ್ಣನ ಮಗಳು ಜರ್ಮನಿಯಲ್ಲಿದ್ದಾಳೆ. ಕಳೆದ ವರ್ಷ ಮಳೆ ಹಿಡಿಯುವ ಮೊದಲು ಫೋನಿನಲ್ಲಿ, ‘ಅತ್ತೆ, ನನಗೊಂದು ಶಾಲು, ಇವರಿಗೊಂದು ಜೊತೆ ಕಾಲುಚೀಲ ಹೆಣೆದು ಕೊಡುತ್ತೀರಾ?’ ಎಂದು ಕೇಳಿದಳು. ಕೇಳಿದವರಿಗೆ ಇಲ್ಲ ಎನ್ನುವ ಜಾತಿ ನನ್ನದಲ್ಲ.

ವಿನ್ಯಾಸ ನನ್ನದೇ. ತೋಟದಲ್ಲಿ ಹಾಳೆ ಬಿರಿದು ಹೊರಬರುವ ಹಿಂಗಾರವನ್ನು ಚೌಕುಳಿ ಪುಸ್ತಕದಲ್ಲಿ ಬಿಡಿಸಿಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ಕುಣಿಕೆ ಎಂದು ಲೆಕ್ಕ ಹಾಕಿದೆ. ನೂಲು ಸುತ್ತಿ ತೂತು ಬಿಡುವಲ್ಲಿ ಸೊನ್ನೆ, ಎರಡು ಕುಣಿಕೆ ಕೂಡಿಸುವಲ್ಲಿ ಓರೆಗೆರೆ. ಕುತ್ತಿಗೆಯ ಹತ್ತಿರ ಏಳು ಕುಣಿಕೆಗಳಿಂದ ಆರಂಭಿಸಿ, ಸೀದಾ ಸಾಲಿಗೊಮ್ಮೆ ನಾಲ್ಕರಂತೆ ಹೆಚ್ಚಿಸುತ್ತ ಹೋದರೆ ತ್ರಿಕೋನದ ಶಾಲು ತಾನಾಗಿ ಅರಳುತ್ತದೆ. ಇಂಥ ಸೂಕ್ಷ್ಮ ಕೆಲಸಕ್ಕೆ ಸ್ವೆಟರಿನ ದಪ್ಪ ಉಲ್ಲನ್ ಆಗುವುದಿಲ್ಲ, ಫಿಂಗರಿಂಗ್ ಎಂದು ಕರೆಯುವ ತೆಳು ನೂಲೇ ಬೇಕು. 100 ಗ್ರಾಂ ತೂಕದ ಲಡಿಯಲ್ಲಿ ಸುಮಾರು 400 ಮೀಟರ್ ಇರುತ್ತದೆ. ಒಂದು ಲಡಿಯಲ್ಲಿ ಒಂದು ಜೊತೆ ಕಾಲುಚೀಲ, ಎರಡು ಲಡಿಯಲ್ಲಿ ಒಂದು ದೊಡ್ಡ ಶಾಲು. ನಮ್ಮ ಪೇಟೆಯ ಅಂಗಡಿಗಳಲ್ಲಿ ಫೋರ್ ಪ್ಲೈ ಎನ್ನುವುದೂ ಹೆಚ್ಚುಕಡಿಮೆ ಇದೇ ದಪ್ಪದ ನೂಲಿಗೆ. ಹೆಸರಿನಲ್ಲಿ ನಾಲ್ಕು ಇದ್ದ ಮಾತ್ರಕ್ಕೆ ಎಳೆ ನಾಲ್ಕೇ ಇರಬೇಕೆಂದಿಲ್ಲ, ಅದು ದಪ್ಪವನ್ನು ಹೇಳುವ ಹೆಸರು. ಅದು ಕುರಿಯ ಉಣ್ಣೆಯೋ ಕಾರ್ಖಾನೆಯಲ್ಲಿ ಮಾಡುವ ಪ್ಲಾಸ್ಟಿಕ್ ಜಾತಿಯ ಅಕ್ರಿಲಿಕ್ಕೋ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಮೋಸ ನುಗ್ಗಿದ್ದು ಇದೇ ಸಂದಿಯಿಂದ.

ಮೊಬೈಲಿನಲ್ಲಿ ಒಬ್ಬ ಮಾರಾಟಗಾರ ಸಿಕ್ಕಿದ. ಕೈಯಲ್ಲೇ ಬಣ್ಣ ಹಾಕಿದ ಮೆರಿನೊ, ಅಂದರೆ ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ, ಲಡಿಗೆ 780 ರೂಪಾಯಿ. ಶಾಲಿಗೆ ಎರಡು ಲಡಿ ಅಪ್ಪಟ ಮೆರಿನೊ. ಕಾಲುಚೀಲಕ್ಕೆ ಒಂದು ಲಡಿ, ಅದರಲ್ಲಿ ಶೇ. 75 ಮೆಷಿನ್ ತೊಳೆತಕ್ಕೆ ತಡೆಯುವ ಸೂಪರ್‌ವಾಶ್ ಮೆರಿನೊ, ಶೇ. 25 ನೈಲಾನ್. ಫೋಟೋಗಳು ಎಷ್ಟು ಚೆನ್ನಾಗಿದ್ದವೆಂದರೆ ಬೆಲೆ ಏಕೆ ಇಷ್ಟು ಕಡಿಮೆ ಎಂದು ಯೋಚಿಸಬೇಕಾದ ಜಾಗದಲ್ಲಿ ನಾನು ಬಣ್ಣ ಆರಿಸುತ್ತ ಕುಳಿತೆ. ಅಂಚೆ ವೆಚ್ಚ 100 ಸೇರಿಸಿ 2,440 ರೂಪಾಯಿಯನ್ನು ಯುಪಿಐ ಮೂಲಕ ಕಳುಹಿಸಿದೆ. ಬಿಲ್ಲು ಕೇಳಲಿಲ್ಲ, ವಿಳಾಸ ಕೇಳಲಿಲ್ಲ. ಅಡಿಕೆ ಮಾರುವಾಗ ನೂರು ಗ್ರಾಂ ತೂಕಕ್ಕೂ ಜಗಳ ಕಾಯುವ ಮನೆಯವಳು ನಾನು!

ಪಾರ್ಸೆಲ್ ಬಂದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಲಡಿಗಳಿಗೆ ಚೀಟಿಯೇ ಇರಲಿಲ್ಲ. ಶಾಲಿನ ನೂಲು ಬೆರಳ ಸಂದಿಯಲ್ಲಿ ಎಳೆದರೆ ಕಿರ್ ಎನ್ನುತ್ತಿತ್ತು. ಬಿಚ್ಚಿ ಉಂಡೆ ಸುತ್ತುವಾಗ ನಡುವೆ ಮೂರು ಗಂಟುಗಳು ಸಿಕ್ಕಿದವು, ಯಾರೋ ಸಣ್ಣ ಉಂಡೆಗಳನ್ನು ಜೋಡಿಸಿ ಲಡಿ ಮಾಡಿದ ಹಾಗೆ. ಇಷ್ಟೆಲ್ಲ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ. ಅಂಗೈಯಗಲದ ಮಾದರಿ ಹೆಣೆದು ಕುಣಿಕೆಯ ಅಳತೆಯನ್ನೇನೋ ತೆಗೆದುಕೊಂಡೆ. ಅದನ್ನು ತೊಳೆದು ಒಣಗಿಸಿ ನೋಡಬೇಕೆಂಬುದೂ ಗೊತ್ತಿತ್ತು. ಆದರೆ ಒಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆಯೇ ನಾಲ್ಕು ದಿನವಾದರೂ ಒಣಗದ ಕಾಲ, ಇದನ್ನೆಲ್ಲಿ ಒಣಗಿಸಲಿ ಎಂದು ಬಿಟ್ಟುಬಿಟ್ಟೆ. ಮಾರಾಟಗಾರನ ತಪ್ಪು ಅವನಿಗೆ, ಈ ತಪ್ಪು ಮಾತ್ರ ನನ್ನದು.

ಮೊದಲು ಮುಗಿದದ್ದು ಕಾಲುಚೀಲ. 2.25 ಮಿ.ಮೀ. ಕಡ್ಡಿ, ಸುತ್ತಿಗೆ 64 ಕುಣಿಕೆ, ಹಿಮ್ಮಡಿಗೆ ದಪ್ಪನೆಯ ಪಟ್ಟಿ. ಚೌತಿಗೆ ಬಂದಿದ್ದ ನೆಂಟರ ಹುಡುಗ ಜರ್ಮನಿಗೆ ಹೊರಟಿದ್ದ, ಅವನ ಕೈಯಲ್ಲಿ ಕಳುಹಿಸಿದೆ. ಸೂಪರ್‌ವಾಶ್ ಎಂದ ಮೇಲೆ ಭಯವಿಲ್ಲ ಎಂದು ಅವರು ವಾಷಿಂಗ್ ಮೆಷಿನ್ನಿಗೆ ಹಾಕಿದರು. ಒಂದೇ ತೊಳೆತ. ಫೋಟೋ ಬಂತು. ಇಬ್ಬರೂ ನಗು ತಡೆಯಲಾಗದೆ ತೆಗೆದದ್ದು ಎಂದು ಕೈ ನಡುಗಿದ ಫೋಟೋದಿಂದಲೇ ತಿಳಿಯುತ್ತಿತ್ತು. ಅಳಿಯನ ಹತ್ತನೇ ನಂಬರಿನ ಕಾಲಿಗೆ ಹೆಣೆದದ್ದು ಎರಡು ವರ್ಷದ ಮಗುವಿಗೆ ಹಿಡಿಸುವಷ್ಟಾಗಿತ್ತು. ಹಲಗೆಯಂತೆ ಗಟ್ಟಿ, ಕುಣಿಕೆಗಳು ಎಲ್ಲಿವೆ ಎಂದೇ ಕಾಣುವುದಿಲ್ಲ.

ಕಾರಣ ಸರಳವಾದದ್ದು. ಕುರಿಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿ, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಜಡ್ಡುಗಟ್ಟುತ್ತದೆ. ಕಾರ್ಖಾನೆಯಲ್ಲಿ ಕ್ಲೋರಿನ್‌ನಿಂದ ಆ ಹುರುಪೆಗಳನ್ನು ಸವೆಸಿ, ಮೇಲೆ ರಾಳದ ತೆಳು ಲೇಪ ಕೊಟ್ಟ ಉಣ್ಣೆಗೆ ಸೂಪರ್‌ವಾಶ್ ಎಂದು ಹೆಸರು. ನನಗೆ ಬಂದದ್ದು ಆ ಸಂಸ್ಕಾರವಿಲ್ಲದ ಬರಿಯ ಉಣ್ಣೆ. ಉಳಿದಿದ್ದ ತುಂಡನ್ನು ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಎರಡು ಅಂಗೈಗಳ ನಡುವೆ ಎರಡು ನಿಮಿಷ ಉಜ್ಜಿದೆ, ಬತ್ತಿಯಂತೆ ಒಂದಾಗಿಹೋಯಿತು. ಈ ಪರೀಕ್ಷೆಯನ್ನು ಹೆಣೆಯುವ ಮೊದಲೇ ಮಾಡಬಹುದಿತ್ತು, ಒಂದು ಗೇಣು ನೂಲು ಸಾಕಿತ್ತು. ನೂಲಿನ ತುದಿಯನ್ನು ಹಿಂದಕ್ಕೆ ತಿರುಚಿ ಬಿಚ್ಚಿದಾಗ ಇನ್ನೊಂದು ಸತ್ಯ ಹೊರಬಂತು. ಅದು ಒಂಟಿ ಎಳೆ, ಸಡಿಲ ಹುರಿ. ಕಾಲುಚೀಲಕ್ಕೆ ಮೂರು ನಾಲ್ಕು ಎಳೆಗಳನ್ನು ಬಿಗಿಯಾಗಿ ಹುರಿಮಾಡಿದ ನೂಲು ಬೇಕು, ಜೊತೆಗೆ ನೈಲಾನ್ ಇದ್ದರೆ ಹಿಮ್ಮಡಿ ಬಾಳುತ್ತದೆ. ಮೆಷಿನ್ನು ಕೊಲ್ಲದಿದ್ದರೂ ಈ ಜೊತೆ ಒಂದು ಚಳಿಗಾಲ ದಾಟುತ್ತಿರಲಿಲ್ಲ.

ಆದರೂ ಶಾಲಿನ ನೂಲಿನ ಮೇಲೆ ಸಂಶಯ ಬರಲಿಲ್ಲ. ಕಾಲುಚೀಲದ್ದು ಅಚಾತುರ್ಯದಿಂದ ಬದಲಾಗಿ ಬಂದಿರಬೇಕು ಎಂದುಕೊಂಡೆ. ಅರ್ಧ ಶಾಲು ಆಗಿಬಿಟ್ಟಿತ್ತಲ್ಲ, ಕೈ ಇಟ್ಟ ಕೆಲಸದ ಮೋಹ ಹಾಗೆಯೇ.

ದೀಪಾವಳಿಯ ಮರುವಾರ ಕೊನೆಯ ಕುಣಿಕೆ ಮುಚ್ಚಿದೆ. ತೂತಿನ ಹೆಣಿಗೆಯ ಶಾಲು ಕಡ್ಡಿಯಿಂದ ಇಳಿದಾಗ ಮುದುಡಿದ ಹರಿವೆ ಸೊಪ್ಪಿನಂತೆ ಕಾಣುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಅದನ್ನು ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆಯ ಮೇಲೆ ಹರಡಿ, ಬಿಗಿಯಾಗಿ ಎಳೆದು ಗುಂಡುಸೂಜಿ ಚುಚ್ಚಿ ಒಣಗಲು ಬಿಡಬೇಕು. ನಿಜವಾದ ಉಣ್ಣೆಯಾದರೆ ಒಣಗಿದ ಮೇಲೆ ಸೂಜಿ ಕಿತ್ತರೂ ಎಳೆದ ಆಕಾರದಲ್ಲೇ ನಿಲ್ಲುತ್ತದೆ. ಶಾಲು ಕಣ್ತೆರೆಯುವ ಗಳಿಗೆ ಅದು. ನೆನೆಸಿದಾಗ ಕುರಿಯ ವಾಸನೆ ಎಳ್ಳಷ್ಟೂ ಬರಲಿಲ್ಲ. ಒಳ್ಳೆಯ ನೂಲು, ವಾಸನೆಯೇ ಇಲ್ಲ ಎಂದು ಸಂತೋಷಪಟ್ಟೆ! ಮೇಲಂಚು 150 ಸೆಂ.ಮೀ. ಇದ್ದದ್ದನ್ನು 190ಕ್ಕೆ ಎಳೆದು, ಅಂಚಿನ ಒಂದೊಂದು ಹಿಂಗಾರದ ತುದಿಗೂ ಸೂಜಿ ಚುಚ್ಚಿದೆ. ಎರಡು ದಿನ ಆ ಕೋಣೆಗೆ ಯಾರನ್ನೂ ಬಿಡಲಿಲ್ಲ.

ಸೂಜಿ ಕಿತ್ತೆ. ಮೊದಲನೆಯ ತುದಿ ನನ್ನ ಕಣ್ಣೆದುರೇ ಮೆಲ್ಲನೆ ಸುರುಳಿಯಾಗಿ ಒಳಕ್ಕೆ ಹೋಯಿತು, ಮುಟ್ಟಿದ ನಾಚಿಕೆಮುಳ್ಳಿನ ಹಾಗೆ. ಎರಡನೆಯದು, ಮೂರನೆಯದು. ಬೆಳಿಗ್ಗೆ ಅಳೆದರೆ ಮೇಲಂಚು 154.

ಇಲ್ಲಿಗೆ ನಿಲ್ಲಿಸಿದ್ದರೆ ಮುದುಡಿದ ಶಾಲಾದರೂ ಉಳಿಯುತ್ತಿತ್ತು. ಫೋನಿನಲ್ಲಿ ತಂಗಿ, ‘ಅಕ್ಕಾ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ತೋರಿಸು’ ಎಂದಳು. ತೋರಿಸಿದೆ. ಆವಿ ಎದ್ದ ಕಡೆಯಲ್ಲೆಲ್ಲ ನೂಲು ಒಮ್ಮೆಲೇ ಸೋತಿತು. ಕಡುಬು ಕಟ್ಟಲು ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸುತ್ತೇವಲ್ಲ, ಹಾಗೆ ಜೋತುಬಿದ್ದು ಹೊಳೆಯತೊಡಗಿತು. ನೂಲಿನ ಉಬ್ಬು, ಪುಟಿತ ಎಲ್ಲ ಹೋಯಿತು. ಅಕ್ರಿಲಿಕ್ಕಿಗೆ ಆವಿಯ ಬಿಸಿ ಹೆಚ್ಚು ತಾಗಿದರೆ ಹೀಗೆಯೇ ಆಗುವುದು. ಹೆಣೆಯುವವರು ಇದನ್ನು ನೂಲನ್ನು ಕೊಲ್ಲುವುದು ಎಂದೇ ಕರೆಯುತ್ತಾರೆ. ಒಮ್ಮೆ ಸತ್ತ ನೂಲು ತೊಳೆದರೂ ಏಳುವುದಿಲ್ಲ.

ಆ ಸಂಜೆಯೇ ಬಚ್ಚಲೊಲೆಯ ಮುಂದೆ ಕುಳಿತು ವಿಚಾರಣೆ ನಡೆಸಿದೆ. ಇಕ್ಕಳದಲ್ಲಿ ಒಂದು ಬೆರಳುದ್ದ ನೂಲು ಹಿಡಿದು ಬೆಂಕಿಕಡ್ಡಿ ಗೀರಿದೆ. ಅದು ಉರಿಯುತ್ತಲೇ ಕರಗಿತು, ಕರಿಹೊಗೆ ಬಿಟ್ಟು ತೊಟ್ಟಿಕ್ಕಿತು, ಆರಿದ ಮೇಲೆ ತುದಿಯಲ್ಲಿ ಉಗುರಿನಿಂದಲೂ ಒಡೆಯಲಾಗದ ಕಪ್ಪು ಮಣಿ ಉಳಿಯಿತು. ಹೋಲಿಸಲು ಅಪ್ಪನ ಹಳೆಯ ಉಣ್ಣೆ ಮಫ್ಲರಿನಿಂದ ಒಂದು ಎಳೆ ಕಿತ್ತು ಸುಟ್ಟೆ. ತಲೆಗೂದಲು ಸುಟ್ಟ ವಾಸನೆ ಬಂತು, ಬೆಂಕಿ ತೆಗೆದೊಡನೆ ತಾನೇ ಆರಿತು, ಬೂದಿ ಬೆರಳಲ್ಲಿ ಪುಡಿಯಾಯಿತು. ನೈಲಾನ್ ಬೆರೆತ ಕಾಲುಚೀಲದ ನೂಲಾದರೆ ಕೂದಲಿನ ವಾಸನೆಯ ಜೊತೆ ಪುಡಿಯಲ್ಲಿ ಅಲ್ಲಲ್ಲಿ ಗಟ್ಟಿ ಚೂರು ಸಿಗುತ್ತದೆ, ಅದಕ್ಕೆ ಗಾಬರಿ ಬೇಡ. ಇನ್ನೂ ಖಚಿತವಾಗಬೇಕಾದರೆ ಬಿಳಿ ಬಟ್ಟೆಗೆ ಹಾಕುವ ಕ್ಲೋರಿನ್ ದ್ರಾವಣವನ್ನು ಗಾಜಿನ ಲೋಟದಲ್ಲಿ ಸ್ವಲ್ಪ ಹೊಯ್ದು ನೂಲಿನ ತುಂಡನ್ನು ಮುಳುಗಿಸಿಡಿ. ಉಣ್ಣೆ ಗುಳ್ಳೆಯೆಬ್ಬಿಸುತ್ತ ಕರಗಿಹೋಗುತ್ತದೆ. ಅಕ್ರಿಲಿಕ್ ಏನೂ ಆಗದವರಂತೆ ಕುಳಿತಿರುತ್ತದೆ. ನೈಲಾನ್ ಬೆರೆತದ್ದರಲ್ಲಿ ಉಣ್ಣೆ ಹೋಗಿ ನೈಲಾನಿನ ತೆಳು ಎಳೆ ಮಾತ್ರ ಉಳಿಯುತ್ತದೆ. ಕಿಟಕಿ ತೆರೆದಿಡಿ. ಆ ಲೋಟಕ್ಕೆ ವಿನೆಗರ್ ಆಗಲಿ, ಕಕ್ಕಸು ತೊಳೆಯುವ ಆಮ್ಲವಾಗಲಿ ಬೀಳಕೂಡದು, ವಿಷಾನಿಲ ಏಳುತ್ತದೆ.

ಮಾರಾಟಗಾರನಿಗೆ ಫೋಟೋ, ವಿಡಿಯೋ ಎಲ್ಲ ಕಳುಹಿಸಿದೆ. ‘ಮೇಡಂ, ನಿಮ್ಮ ಊರಿನ ನೀರಿನ ದೋಷ’ ಎಂದು ಉತ್ತರ ಬಂತು. ನಮ್ಮ ಬಾವಿಯ ನೀರು ಕುರಿಯನ್ನು ಪ್ಲಾಸ್ಟಿಕ್ ಮಾಡುವಷ್ಟು ಶಕ್ತಿವಂತ ಎಂದು ಅಂದೇ ಗೊತ್ತಾದದ್ದು. ಇನ್ನೊಮ್ಮೆ ಬರೆದಾಗ ಅವನು ನನ್ನನ್ನು ಬ್ಲಾಕ್ ಮಾಡಿದ್ದ. ಅಣ್ಣನ ಮಗಳು ಅವನ ಚಿತ್ರಗಳನ್ನು ಹುಡುಕಿ ನೋಡಿದಳು, ಲಡಿಗಳ ಆ ಸುಂದರ ಫೋಟೋಗಳು ಯಾವುದೋ ದೇಶದ ಬಣ್ಣಗಾರ್ತಿಯೊಬ್ಬರವು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ದೂರಿನ ಸಂಖ್ಯೆ ಸಿಕ್ಕಿತು, ದುಡ್ಡು ಸಿಗಲಿಲ್ಲ. ಬಿಲ್ಲಿಲ್ಲ, ವಿಳಾಸವಿಲ್ಲ, ಇರುವುದು ಒಂದು ಯುಪಿಐ ಗುರುತು ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು, ಎರಡು ವರ್ಷದ ಅವಧಿ ಇದೆ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ನೋಟಿಸು ತಲುಪಿಸಲು ಎದುರುಕಕ್ಷಿಗೆ ಒಂದು ಹೆಸರು, ಒಂದು ಮನೆಬಾಗಿಲು ಬೇಕಲ್ಲ. ದುಡ್ಡು ಹಾಕುವ ಮೊದಲು ಪೂರ್ತಿ ವಿಳಾಸವಿರುವ ಬಿಲ್ಲು ಕೇಳಿ. ಕೊಡದಿದ್ದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಅಕ್ರಿಲಿಕ್ ಮೇಲೆ ನನಗೆ ದ್ವೇಷವೇನೂ ಇಲ್ಲ, ಮಗುವಿನ ಟೊಪ್ಪಿಗೆ ನಾನೇ ಕೊಳ್ಳುತ್ತೇನೆ, ಅಕ್ರಿಲಿಕ್ಕಿನ ಬೆಲೆ ಕೊಟ್ಟು.

ಈಗ ಬೇರೆ ಕಡೆಯಿಂದ ಒಂದೇ ಒಂದು ಲಡಿ ತರಿಸಿದ್ದೇನೆ. ಚೀಟಿಯಲ್ಲಿ ಶೇಕಡಾವಾರು, ಮೀಟರ್, ಎಳೆ, ಬಣ್ಣ ಹಾಕಿದ ತಂಡದ (ಒಂದೇ ಸಲಕ್ಕೆ ಬಣ್ಣದಲ್ಲಿ ಅದ್ದಿದ ಲಡಿಗಳ) ಸಂಖ್ಯೆ ಎಲ್ಲವೂ ಇವೆ. ಅದೇ ತಂಡದ ಇನ್ನೊಂದು ಲಡಿಯನ್ನು ಹತ್ತು ದಿನ ತೆಗೆದಿರಿಸಲು ಅವರು ಒಪ್ಪಿದ್ದಾರೆ. ತಂಡ ಬದಲಾದರೆ ಶಾಲಿನ ನಡುವೆ ಗೆರೆ ಎಳೆದಂತೆ ಬಣ್ಣ ಬೇರೆಯಾಗುತ್ತದೆ. ಸುಟ್ಟು ನೋಡಿದೆ, ಮುಳುಗಿಸಿ ನೋಡಿದೆ, ಅಪ್ಪಟ ಉಣ್ಣೆಯೇ. ಚೀಟಿ ಹೇಳುವಂತೆ ಸೂಪರ್‌ವಾಶ್ ಮೆರಿನೊ. ಮಾದರಿ ಹೆಣೆದು, ತೊಳೆದು, ಅಂಗಳದ ನೆರಳಿನಲ್ಲಿ ಒಣಗಿಸಿದ್ದೂ ಆಯಿತು. 10 ಸೆಂ.ಮೀ. ಇದ್ದದ್ದು ಒಣಗಿದ ಮೇಲೆ 11 ಆಗಿದೆ, ಹುರುಪೆ ಸವೆಸಿದ ಉಣ್ಣೆ ನೆನೆದರೆ ಹೀಗೆ ಹಿಗ್ಗುತ್ತದೆ. ಹಾಗಾಗಿ ಚೌಕುಳಿ ಪುಸ್ತಕದಲ್ಲಿ ಲೆಕ್ಕ ತಿದ್ದಿದ್ದೇನೆ. ಈ ಸಲ ಕೊನೆಯ ಸಾಲಿಗೆ 439 ಕುಣಿಕೆ ಸಾಕು. ನಾಳೆ ಇನ್ನೊಂದು ಲಡಿಗೆ ಹೇಳಬೇಕು.