ಚಂದ್ರನ ಲೆಕ್ಕ ಹೇಳೋ ಆಪ್: ಕ್ಯಾಲೆಂಡರ್ ಸೂಪರ್, ರೇಟಿಂಗ್ ನಂಬ್ಬೇಡಿ (3/5)

ಲಾಂಗ್ ವೀಕೆಂಡ್ ಬಂತು ಅಂದ್ರೆ ಸಾಕು, ನಮ್ ಗ್ಯಾಂಗಲ್ಲಿ ಯಾರಾದ್ರೂ ಒಬ್ರು ನಕ್ಷತ್ರ ನೋಡೋಕೆ ಹೋಗೋಣ ಅಂತ ಶುರು ಮಾಡ್ತಾರೆ, ರೂಮ್ ಬುಕ್ ಆಗತ್ತೆ, ರಜೆ ಹಾಕಿ ಆಗತ್ತೆ, ಅಲ್ಲಿ ಹೋಗಿ ಚಾಪೆ ಹಾಸ್ಕೊಂಡು ಮಲ್ಕೊಂಡ್ಮೇಲೆ ಗೊತ್ತಾಗತ್ತೆ ಹುಣ್ಣಿಮೆ ನಾಳೆನೇ ಅಂತ. ನಮ್ಮ ನೆರಳು ನಮಗೇ ಕಾಣ್ತಿದೆ, ಆಕಾಶಗಂಗೆ ಎಲ್ಲಿ ಅಂದ್ರೆ ಇಲ್ಲ. ಎರಡು ಸಲ ಹಿಂಗಾದ್ಮೇಲೆ ಚಂದ್ರನ ಕಲೆ, ಅಂದ್ರೆ ಯಾವ ದಿನ ಅವನು ಎಷ್ಟು ಬೆಳಗಿರ್ತಾನೆ ಅಂತ, ತೋರ್ಸೋ ಆಪ್ ಒಂದನ್ನ ಹಾಕ್ಕೊಂಡೆ, ಈಗ ಒಂದು ವರ್ಷ ಆಯ್ತು. ಹೆಸರು ಬೇಡ ಬಿಡಿ.

ಮೊದ್ಲು ಒಳ್ಳೇದು ಹೇಳ್ಬಿಡ್ತೀನಿ. ವರ್ಷದ ಕ್ಯಾಲೆಂಡರ್ ಒಂದೇ ಸ್ಕ್ರೀನಲ್ಲಿ ಬರತ್ತೆ, ರಜೆ ಲಿಸ್ಟ್ ಅದ್ರ ಮೇಲೇ ಕೂರ್ಸಬಹುದು. 2026ರ ಡಿಸೆಂಬರ್ ನೋಡಿ, 24ಕ್ಕೆ ಹುಣ್ಣಿಮೆ, ಅಂದ್ರೆ ವರ್ಷದ ಕೊನೇ ರಜೆ ಪೂರ್ತಿ ಚಂದ್ರನ ಪಾಲು. ಅದೇ ಆಗಸ್ಟ್ 12 ಅಮಾವಾಸ್ಯೆ, ಪರ್ಸೀಡ್ಸ್ ಉಲ್ಕಾಪಾತ ಜೋರಾಗಿರೋದೂ 12-13ರ ರಾತ್ರಿನೇ, ಬುಧವಾರ ಬಿದ್ದಿದೆ ಅನ್ನೋದೊಂದೇ ಸಂಕಟ. ಹೋದ ವರ್ಷ ಇದೇ ತಾರೀಖಿಗೆ ಕತ್ತಲಿತ್ತು, ಈ ವರ್ಷನೂ ಇರತ್ತೆ ಅಂತ ವಾದ ಮಾಡೋ ಫ್ರೆಂಡ್ ಒಬ್ಬ ಇದಾನೆ, ಅವನಿಗೆ ಇದನ್ನೇ ತೋರ್ಸಿದೆ. ಹನ್ನೆರಡು ಹುಣ್ಣಿಮೆಗೆ 354 ದಿನ ಅಷ್ಟೇ, ಹಾಗಾಗಿ ಮುಂದಿನ ವರ್ಷ ಅದೇ ತಾರೀಖಿಗೆ ಚಂದ್ರ ಸುಮಾರು 11 ದಿನ ಮುಂದೆ ಹೋಗಿರ್ತಾನೆ. ಅದೇ ತಾರೀಖು ಅದೇ ಕಲೆ ಬೇಕು ಅಂದ್ರೆ 19 ವರ್ಷ ಕಾಯ್ಬೇಕಪ್ಪ ಅಂದೆ, ಸುಮ್ನಾದ.

ಇನ್ನು ಬೈಗುಳ. ಪ್ರತಿ ರಾತ್ರಿಗೂ ಇದು ಒಂದು ರೇಟಿಂಗ್ ಕೊಡತ್ತೆ, ಅದು ಬರೀ ಚಂದ್ರ ಎಷ್ಟು ಪರ್ಸೆಂಟ್ ಬೆಳಗಿದೆ ಅನ್ನೋದ್ರ ಮೇಲೆ. ಅರ್ಧ ಚಂದ್ರ ಅಂದ್ರೆ 50%, ರೇಟಿಂಗ್ 'ಸಾಧಾರಣ'. ಅಲ್ಲ ಸ್ವಾಮಿ, ಅರ್ಧ ಚಂದ್ರ ತಿಂಗಳಿಗೆ ಎರಡು ಸಲ ಬರತ್ತೆ! ಶುಕ್ಲ ಪಕ್ಷದ ಅರ್ಧ ಚಂದ್ರ ಸಂಜೆಯಿಂದ್ಲೇ ತಲೆ ಮೇಲೆ ಕೂತಿರ್ತಾನೆ, ಮುಳುಗೋದು ನಡುರಾತ್ರಿ ಹೊತ್ತಿಗೆ. ಕೃಷ್ಣ ಪಕ್ಷದವನು ಹುಟ್ಟೋದೇ ನಡುರಾತ್ರಿ ಹೊತ್ತಿಗೆ, ಅಲ್ಲೀವರೆಗೂ ಆಕಾಶ ಕಪ್ಪು, ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ಅದಕ್ಕಿಂತ ಒಳ್ಳೇ ರಾತ್ರಿ ಇಲ್ಲ. ಎರಡಕ್ಕೂ ಒಂದೇ ಮಾರ್ಕ್ಸ್ ಕೊಟ್ರೆ ಹೆಂಗೆ?

ಉದಯ, ಅಸ್ತದ ಟೈಮ್ ಒಳಗಡೆ ಇನ್ನೊಂದು ಪೇಜಲ್ಲಿ ಇದೆ, ಇಲ್ಲ ಅಂತಿಲ್ಲ, ಆದ್ರೆ ಅಲ್ಲೇ ನಾನು ಎಡವಿದ್ದು. ಶನಿವಾರದ ಕಾಲಂನಲ್ಲಿ ಚಂದ್ರಾಸ್ತ 12:40 ಅಂತಿತ್ತು, ಸರಿ ಶನಿವಾರ ರಾತ್ರಿ ಹೋಗಿ 12:40ಕ್ಕೆ ಟೆಲಿಸ್ಕೋಪ್ ರೆಡಿ ಇಟ್ಕೊಳೋಣ ಅಂತ ಎಲ್ಲರನ್ನೂ ಗುಡ್ಡ ಹತ್ತಿಸಿದೆ. ಆಮೇಲೆ ಹೊಳೀತು, ಶನಿವಾರದ 12:40 ಅಂದ್ರೆ ಶುಕ್ರವಾರ ರಾತ್ರಿ ಕಳೆದು ಬಂದ 12:40, ಅದು ಮುಗ್ದೇ ಹೋಗಿತ್ತು. ಚಂದ್ರ ದಿನಾ ಸರಾಸರಿ 50 ನಿಮಿಷ ಲೇಟು, ಅವತ್ತು ಅವನು ಜಾಗ ಖಾಲಿ ಮಾಡೋ ಹೊತ್ತಿಗೆ ಒಂದೂವರೆ, ನಾಲ್ಕು ಜನ ಆಗ್ಲೇ ಕಾರಲ್ಲಿ ಗೊರಕೆ. ತಿಂಗಳಿಗೊಂದು ದಿನ ಚಂದ್ರಾಸ್ತದ ಜಾಗದಲ್ಲಿ ಬರೀ ಗೀಟು ಇರತ್ತೆ, ಅದು ಮಾತ್ರ ಆಪ್ ತಪ್ಪಲ್ಲ, ಈ 50 ನಿಮಿಷದ ದೆಸೆಯಿಂದ ಅವತ್ತಿನ ತಾರೀಖಲ್ಲಿ ಚಂದ್ರ ಮುಳುಗೋದೇ ಇಲ್ಲ. ಈಗ ಏನೇ ಇದ್ರೂ ಕಂಪ್ಯೂಟರಲ್ಲಿ ಸ್ಟೆಲೇರಿಯಂ ಅನ್ನೋ ಆಕಾಶ ತೋರ್ಸೋ ಸಾಫ್ಟ್‌ವೇರ್ ತೆಗ್ದು, ಫ್ರೀ ಅದು, ಆ ಜಾಗ ಆ ತಾರೀಖು ಹಾಕಿ ಗಂಟೆ ಗಂಟೆಗೆ ಓಡ್ಸಿ ನೋಡ್ಕೊಂಡೇ ಹೊರಡೋದು.

ಮೂರು ದಿನದ ರಜೇಲಿ ಯಾವ ರಾತ್ರಿ ಹೋಗ್ಬೇಕು ಅನ್ನೋದನ್ನ ಈ ಆಪ್ ಹೇಳ್ಬೇಕಿತ್ತು, ಹೇಳಲ್ಲ. ಶುಕ್ಲ ಪಕ್ಷ ಆದ್ರೆ ಮೊದಲ್ನೇ ರಾತ್ರಿನೇ ಹೋಗ್ಬಿಡಿ, ದಿನ ಕಳೆದಂಗೆ ಚಂದ್ರ ಜಾಸ್ತಿ ಹೊತ್ತು ಇರ್ತಾನೆ. ಹುಣ್ಣಿಮೆ ಆಗಿ ಮೂರ್ನಾಲ್ಕು ದಿನ ಆಗಿದ್ರೆ ಕೊನೇ ರಾತ್ರಿ ಇಟ್ಕೊಳಿ, ಸಂಜೆ ಕತ್ತಲೆ ದಿನಾ ಅಷ್ಟಷ್ಟೇ ಬೆಳೆಯತ್ತೆ. ಸೂರ್ಯ ಮುಳುಗಿದ ತಕ್ಷಣ ಕತ್ತಲು ಅಂತ ಲೆಕ್ಕ ಹಾಕ್ಬೇಡಿ ಮತ್ತೆ, ಅವನು ದಿಗಂತಕ್ಕಿಂತ 18 ಡಿಗ್ರಿ ಕೆಳಗಿಳೀಬೇಕು ಪೂರ್ತಿ ಕಪ್ಪಾಗೋಕೆ.

ಕೊನೇದು ಕೆಂಪು ಸ್ಕ್ರೀನ್. ಕಣ್ಣು ಕತ್ತಲೆಗೆ ಒಗ್ಗೋಕೆ 20-30 ನಿಮಿಷ ಬೇಕು, ಅದಕ್ಕೇ ನೈಟ್ ಮೋಡ್ ಹಾಕಿದ್ರೆ ಸ್ಕ್ರೀನ್ ಕೆಂಪಗಾಗತ್ತೆ, ಚೆನ್ನಾಗಿದೆ. ಎಲ್ಲರೂ ಉಸಿರು ಬಿಗಿ ಹಿಡ್ಕೊಂಡು ಬರಿಗಣ್ಣಲ್ಲಿ ಆಂಡ್ರೊಮೀಡಾ ಗ್ಯಾಲಕ್ಸಿ ಹುಡುಕ್ತಿದಾರೆ, 25 ಲಕ್ಷ ಜ್ಯೋತಿರ್ವರ್ಷ ದೂರದ ಆ ಮಸುಕು ಚುಕ್ಕೆ ಇನ್ನೇನು ಸಿಗ್ಬೇಕು, ದಿಕ್ಕು ನೋಡೋಣ ಅಂತ ಆಪ್ ತೆಗೆದೆ, ಫುಲ್ ಸ್ಕ್ರೀನ್ ಬಿಳೀ ಜಾಹೀರಾತು! ನನ್ನ ಮುಖ ಟ್ಯೂಬ್‌ಲೈಟ್ ಥರ ಬೆಳಗಿ ಸುತ್ತ ಇದ್ದೋರೆಲ್ಲಾ "ಏಯ್ ಮುಚ್ಚೋ ಅದನ್ನ" ಅಂತ ಕಿರುಚಿದ್ರು, ಕ್ಲೋಸ್ ಮಾಡೋ ಗುರ್ತು ಬರೋಕೆ ಇನ್ನೂ ಐದು ಸೆಕೆಂಡ್ ಕಾಯ್ಬೇಕಿತ್ತು, ಫೋನನ್ನ ಹೊಟ್ಟೆ ಕೆಳಗೆ ಹಾಕ್ಕೊಂಡು ಬೋರಲು ಮಲಗಿದೆ.

ಡಿಸೆಂಬರ್ 13, ಭಾನುವಾರ ರಾತ್ರಿ ಜೆಮಿನಿಡ್ಸ್‌ ಉಲ್ಕಾಪಾತಕ್ಕೆ ಪ್ಲಾನ್ ಆಗಿದೆ. ಅಮಾವಾಸ್ಯೆ 9ಕ್ಕೇ ಮುಗ್ದಿರತ್ತೆ, ಎಳೇ ಚಂದ್ರ ನಡುರಾತ್ರಿಗೆ ಮುಂಚೆನೇ ಮುಳುಗ್ತಾನೆ, ಸೋಮವಾರಕ್ಕೆ ರಜೆ ಈಗ್ಲೇ ಹಾಕಿದೀನಿ. ಹುಡುಗ್ರು ಬರ್ತೀವಿ ಅಂದ್ರು, ನನ್ನ ಫೋನ್ ಮಾತ್ರ ಕಾರಲ್ಲೇ ಇರ್ಬೇಕಂತೆ.