ಗ್ರಾಂಟ್ ಕೊಡುತ್ತೇವೆ ಅಂತ ನನ್ನಿಂದಲೇ 1,33,100 ರೂಪಾಯಿ ಇಸ್ಕೊಂಡರು

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಹೋಗಿದ್ದು 1,33,100 ರೂಪಾಯಿ. ಯಾರೂ ಕಿತ್ತುಕೊಳ್ಳಲಿಲ್ಲ. ನನ್ನ ಫೋನಿನಿಂದ, ನನ್ನ ಬೆರಳಿನಿಂದ, ನಾನೇ ಕಳಿಸಿದೆ. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಈಗಲೂ ಗೊತ್ತಿಲ್ಲ. ಫಾರಿನ್‌ಗೆ ಹೋಗಿ ಬಂದವಳು, ನಾಲ್ಕು ಜನಕ್ಕೆ ಪಾಠ ಹೇಳುವವಳು, ಹೀಗೆ ಟೋಪಿ ಹಾಕಿಸಿಕೊಂಡಳಾ ಅಂತ ನಗುತ್ತಾರೆ ಅನ್ನುವ ನಾಚಿಕೆ. ನಗಲಿ ಬಿಡಿ. ಇದೇ ಜನ ಈಗ ಎರಡನೇ ಬ್ಯಾಚ್ ಶುರು ಮಾಡಿದ್ದಾರೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಹೆಸರು ಹಾಕುತ್ತಿಲ್ಲ. ದೂರು ಕೊಡುತ್ತಿದ್ದೇನೆ, ಅದು ಒಂದು ಹಂತಕ್ಕೆ ಬರುವವರೆಗೆ ಹೆಸರು ಬೇಡ ಅಂತ ವಕೀಲರು ಹೇಳಿದ್ದಾರೆ. ಆದರೆ ಬೆಂಗಳೂರಿನಲ್ಲಿ ಚಿತ್ರಕಲೆ, ರಂಗಭೂಮಿ, ನೃತ್ಯ ಅಂತ ಓಡಾಡುವವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ ಯಾರು ಅಂತ.

ನಾನು ಲಿನೋಕಟ್ ಮಾಡುವವಳು, ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆದು, ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ಒತ್ತುವವಳು. ಹೋದ ವರ್ಷ ಮೂರು ತಿಂಗಳು ಜರ್ಮನಿಯ ಲೈಪ್ಜಿಗ್‌ನಲ್ಲಿ ರೆಸಿಡೆನ್ಸಿ, ಅಂದರೆ ಅಲ್ಲೇ ಇದ್ದು ಕಲೆಯ ಕೆಲಸ ಮಾಡುವ ಅವಕಾಶ, ಸಿಕ್ಕಿತ್ತು. ಅಲ್ಲಿ ಸ್ಪಿನ್ನೆರೈ ಅಂತ ಹಳೇ ಹತ್ತಿ ಗಿರಣಿ ಇದೆ, 1884ರಲ್ಲಿ ಶುರುವಾದದ್ದು. ಈಗ ಅಲ್ಲಿ ನೂಲು ತೆಗೆಯುವುದಿಲ್ಲ, ಗಿರಣಿ ತುಂಬ ಕಲಾವಿದರ ಸ್ಟುಡಿಯೋ, ಗ್ಯಾಲರಿ. ನಮ್ಮ ತಾತ ಬೆಂಗಳೂರಿನ ಬಿನ್ನಿ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ಜೀವ ಸವೆಸಿದವರು. ಬಿನ್ನಿಯವರ ಕೈಗೆ ಬರುವ ಮೊದಲು ಆ ಮಿಲ್ಲಿಗೆ ಬೇರೆ ಹೆಸರಿತ್ತು, ಅದು ಶುರುವಾದದ್ದೂ 1884ರಲ್ಲೇ. ಈ ಎರಡು ಇಸವಿ ಒಂದೇ ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಇಟ್ಟಿಗೆ ಗೋಡೆ ಹಾಗೇ ನಿಂತಿದೆ, ಇಲ್ಲಿ ಮಾಲ್, ಅಪಾರ್ಟ್‌ಮೆಂಟ್ ಎದ್ದಿದೆ. ಎರಡನ್ನೂ ಸೇರಿಸಿ ನಲವತ್ತು ಅಚ್ಚಿನ ಒಂದು ಪುಸ್ತಕ ಮಾಡಬೇಕು ಅಂತ ಹೊರಟೆ. ಮೂರು ತಿಂಗಳಲ್ಲಿ ಹದಿನಾಲ್ಕು ಆಯಿತು. ಅಷ್ಟರಲ್ಲಿ ವೀಸಾ ಮುಗಿಯಿತು.

ರೆಸಿಡೆನ್ಸಿ ಮಾಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಅವರು ಸಮಯ ಕೊಡುತ್ತಾರೆ, ಜಾಗ ಕೊಡುತ್ತಾರೆ, ತಿಂಗಳ ಖರ್ಚಿಗೆ ಕೊಡುತ್ತಾರೆ. ಕೆಲಸ ಮುಗಿಸಿಕೊಡುವುದಿಲ್ಲ. ವಾಪಸ್ ಬಂದ ಮೇಲೆ ಕತ್ರಿಗುಪ್ಪೆಯ ಬಾಡಿಗೆ, ಭಾನುವಾರದ ಮಕ್ಕಳ ಡ್ರಾಯಿಂಗ್ ಕ್ಲಾಸು, ಗ್ಯಾಸ್ ಸಿಲಿಂಡರ್. ಸ್ಕೆಚ್‌ಬುಕ್ ಅಟ್ಟದ ಮೇಲೆ. ಉಳಿದ ಅಚ್ಚು, ಕಾಗದ, ಬೈಂಡಿಂಗ್ ಎಲ್ಲ ಸೇರಿ ಆರು ಲಕ್ಷ ಬೇಕಿತ್ತು. ಯಾರು ಕೊಡುತ್ತಾರೆ?

ಆಗ ಸಿಕ್ಕಿದ ಈ ಮಹಾನುಭಾವ.

ಫೆಬ್ರವರಿಯಲ್ಲಿ ಗೆಳೆಯರ ಸ್ಟುಡಿಯೋದಲ್ಲಿ ಆ ಹದಿನಾಲ್ಕು ಅಚ್ಚು ಗೋಡೆಗೆ ಹಾಕಿ ಒಂದು ಸಂಜೆ ಮಾತಾಡಿದೆ. ಇಪ್ಪತ್ತೈದು ಜನ ಇದ್ದರೇನೋ. ಎಲ್ಲ ಮುಗಿದು ಲೋಟ ಎತ್ತಿಡುವಾಗ ಒಬ್ಬರು ಬಂದರು. ಐವತ್ತರ ಆಸುಪಾಸು, ಖಾದಿ ಜುಬ್ಬ, ಒಳ್ಳೇ ಕನ್ನಡ. ತಾತನ ಕೈ ಇರುವ ಅಚ್ಚಿನ ಮುಂದೆ ತುಂಬ ಹೊತ್ತು ನಿಂತಿದ್ದರು. "ಮೇಡಂ, ಇದು ಅರ್ಧಕ್ಕೆ ನಿಲ್ಲಬಾರದು" ಅಂದರು. ಅಷ್ಟೇ. ಆ ಒಂದು ಮಾತಿಗೆ ನಾನು ಬಿದ್ದೆ. ಬೇರೆ ಯಾರೂ ಆ ಮಾತು ಹೇಳಿರಲಿಲ್ಲ ನೋಡಿ.

ಮಾರನೇ ದಿನವೇ ವಾಟ್ಸಾಪ್. ವಿದೇಶದಲ್ಲಿ ರೆಸಿಡೆನ್ಸಿ ಮುಗಿಸಿ ಬಂದವರಿಗೆ ಅಂತಲೇ ಅವರ ಫೌಂಡೇಶನ್‌ನ ಒಂದು "ಕಂಪ್ಲೀಷನ್ ಗ್ರಾಂಟ್", ಅಂದರೆ ಅರ್ಧಕ್ಕೆ ನಿಂತ ಕೆಲಸ ಮುಗಿಸಲಿಕ್ಕೆ ಕೊಡುವ ನೆರವಿನ ಹಣ, ಇದೆಯಂತೆ. ಎಂಟು ಲಕ್ಷ. ಹದಿನೈದು ವರ್ಷದಿಂದ ಕೊಡುತ್ತಿದ್ದಾರಂತೆ. ಯುರೋಪಿನ ಸ್ಪಾನ್ಸರ್‌ಗಳಂತೆ. ನಾನು ಕೇಳಿದ್ದು ಆರು, ಅವರು ಹೇಳಿದ್ದು ಎಂಟು! ಮೂಗಿನ ತುದಿಗೆ ತುಪ್ಪ ಸವರುವುದು ಅಂದರೆ ಇದೇ. ಅದನ್ನು ನೆಕ್ಕುತ್ತಾ ಎರಡು ವಾರ ಕೂತು ಪ್ರಪೋಸಲ್ ಬರೆದೆ. ಬಜೆಟ್, ಟೈಮ್‌ಲೈನ್, ಹದಿನಾಲ್ಕು ಅಚ್ಚಿನ ದೊಡ್ಡ ಸೈಜಿನ ಫೋಟೋ, ಎಲ್ಲ ಕಳಿಸಿದೆ. ಫೋಟೋ ವಿಷಯ ನೆನಪಿಟ್ಟುಕೊಳ್ಳಿ.

ಆಮೇಲೆ ಜೂಮ್‌ನಲ್ಲಿ ಜ್ಯೂರಿ. ಮೂವರಲ್ಲಿ ಇಬ್ಬರ ಕ್ಯಾಮೆರಾ ಆಫ್. "ಅವರು ಟ್ರಾವೆಲ್ ಮಾಡ್ತಿದ್ದಾರೆ" ಅಂದರು. ಒಬ್ಬರು ಇದನ್ನು ಹೇಗೆ ಸ್ಕೇಲ್ ಮಾಡುತ್ತೀರಿ, ಅಂದರೆ ದೊಡ್ಡ ಮಟ್ಟಕ್ಕೆ ಹೇಗೆ ಬೆಳೆಸುತ್ತೀರಿ ಅಂತ ಕೇಳಿದರು. ಲಿನೋಕಟ್ ಕಣ್ರೀ, ಕೈಯಲ್ಲಿ ಕೊರೆಯುವುದು, ಅದನ್ನೇನು ಸ್ಕೇಲ್ ಮಾಡುವುದು? ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ದೊಡ್ಡವರು, ದೊಡ್ಡ ಪ್ರಶ್ನೆ ಕೇಳುತ್ತಾರೆ ಅಂದುಕೊಂಡೆ.

ಹತ್ತು ದಿನಕ್ಕೆ ಪತ್ರ ಬಂತು. ದಪ್ಪ ಅಕ್ಷರದಲ್ಲಿ "ಸೆಲೆಕ್ಟೆಡ್". ಜೊತೆಗೆ ಆರು ಪುಟದ ಅಗ್ರಿಮೆಂಟ್, ಮತ್ತು ಒಂದು ಇನ್‌ವಾಯ್ಸ್. ಡಾಕ್ಯುಮೆಂಟೇಶನ್ ಮತ್ತು ಮೆಂಟರಿಂಗ್, 45,000. ಜಿಎಸ್‌ಟಿ ಶೇಕಡಾ 18, ಅಂದರೆ 8,100. ಒಟ್ಟು 53,100.

ನಾನು ಕೇಳಿದೆ. ಕೇಳದೇ ಕೊಟ್ಟೆ ಅಂದುಕೊಳ್ಳಬೇಡಿ. "ಸಾರ್, ಗ್ರಾಂಟ್‌ಗೆ ನಾನೇ ದುಡ್ಡು ಕಟ್ಟಬೇಕಾ?" ಅಂತ ಕೇಳಿದೆ. ಉತ್ತರ ಹಾಗೇ ಇಟ್ಟುಕೊಂಡಿದ್ದೇನೆ: "ಮೇಡಂ, ಇದು ಫೀಸ್ ಅಲ್ಲ, ಕಮಿಟ್‌ಮೆಂಟ್. ಆರ್ಟಿಸ್ಟ್‌ಗಳು ದುಡ್ಡು ತಗೊಂಡು ಕೆಲಸ ಮುಗಿಸಲ್ಲ, ಅದಕ್ಕೇ." ಎಷ್ಟು ಜಾಣ ನೋಡಿ. ನನ್ನ ಕೆಲಸ ಮುಗಿದಿಲ್ಲ ಅನ್ನುವ ಗಾಯಕ್ಕೇ ಬೆರಳು ಇಟ್ಟ. ನಾನು ಅಂಥವಳಲ್ಲ ಅಂತ ತೋರಿಸಲಿಕ್ಕೆ ಅವತ್ತೇ ಸಂಜೆ ದುಡ್ಡು ಹಾಕಿದೆ!

ಏಪ್ರಿಲ್‌ನಲ್ಲಿ ಮುಂದಿನದು. ಮೊದಲ ಕಂತು 3,20,000 ರೆಡಿ ಇದೆ, ಬಿಡುಗಡೆ ಮಾಡಲಿಕ್ಕೆ ಗ್ರಾಂಟಿನ ಶೇಕಡಾ 10 ಡೆಪಾಸಿಟ್ ಇಡಬೇಕು, ಪುಸ್ತಕ ಬಂದ ಮೇಲೆ ವಾಪಸ್. ಎಂಬತ್ತು ಸಾವಿರ. ಚೀಟಿ ಎತ್ತಿದೆ. ಅದೂ ಹರಾಜಿನಲ್ಲಿ ಒಂದಷ್ಟು ಬಿಟ್ಟುಕೊಟ್ಟು ಎತ್ತಿದ್ದು. ಯುಪಿಐಯಲ್ಲಿ ನಂಬರ್ ಹಾಕಿದರೆ ಫೌಂಡೇಶನ್ ಹೆಸರು ಬರಲಿಲ್ಲ, ಯಾರೋ ಒಬ್ಬ ಹೆಂಗಸಿನ ಹೆಸರು ಬಂತು. ಬೆರಳು ನಿಂತಿತು. ಫೋನ್ ಮಾಡಿದೆ. "ಅವರು ನಮ್ಮ ಫೈನಾನ್ಸ್ ಹೆಡ್ ಮೇಡಂ, ಡೆಪಾಸಿಟ್ ಬೇರೆ ಅಕೌಂಟಿಗೆ ಹೋಗಬೇಕು, ಆಡಿಟ್ ರೂಲ್ಸ್. ನಿಮಗೆ ಡೌಟ್ ಇದ್ರೆ ಬೇಡ ಬಿಡಿ, ವೇಟಿಂಗ್ ಲಿಸ್ಟಲ್ಲಿ ಇನ್ನೊಬ್ಬರಿದ್ದಾರೆ."

ಆ ವೇಟಿಂಗ್ ಲಿಸ್ಟ್ ಅನ್ನುವ ಮಾತು. ಈಗಲೂ ರಾತ್ರಿ ನೆನಪಾಗಿ ಮೈ ಉರಿಯುತ್ತದೆ. ಹೆಸರು ಕಣ್ಣೆದುರಿಗೇ ಇತ್ತು. ಆ ಹೆಂಗಸಿನ ಹೆಸರು ಸ್ಕ್ರೀನ್ ಮೇಲೆ ಕಾಣುತ್ತಿತ್ತು. ಕಂಡೂ ಒತ್ತಿದೆ.

ಮೇ ಕಳೆಯಿತು, ದುಡ್ಡು ಬರಲಿಲ್ಲ. ಕೇಳಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ". ಜೂನ್ ಮೊದಲ ವಾರ ಹೊಸ ಕತೆ. ಸ್ಪಾನ್ಸರ್ ದುಡ್ಡು ವಿದೇಶದ್ದಲ್ವಾ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ಕ್ಲಿಯರೆನ್ಸ್‌ಗೆ 35,000 ಕಲಾವಿದರೇ ಕಟ್ಟಬೇಕಂತೆ. ಇಲ್ಲಿ ನನ್ನ ತಲೆ ಸ್ವಲ್ಪ ಓಡಿತು. ಅಂದರೆ, ಕೈಯಲ್ಲಿ ದುಡ್ಡಿರಲಿಲ್ಲ, ಅದಕ್ಕೇ ಓಡಿತು. ಇದ್ದಿದ್ದರೆ ಅದನ್ನೂ ಕಳಿಸುತ್ತಿದ್ದೆ.

ಸಾಲ ಕೇಳಲಿಕ್ಕೆ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ಸಿಎ ಓದುತ್ತಿದ್ದಾನೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ಅಕ್ಕಾ, ಕೊಡೋರು ಯಾರಾದ್ರೂ ಇಸ್ಕೊಂಡು ಕೊಡ್ತಾರಾ?" ಆಮೇಲೆ ಇನ್‌ವಾಯ್ಸ್ ಕಳಿಸು ಅಂದ. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಅಂತ ಅಕ್ಷರ, ಅಂಕಿ ಸೇರಿ 21 ಇರುವ ನಂಬರ್ ಇರುತ್ತಲ್ಲ, ಅದನ್ನು ಬಿಡಿಸಿ ಹೇಳಿದ. ಅದರ ನಡುವೆ ರಾಜ್ಯದ ಎರಡಕ್ಷರ ಆದ ಮೇಲೆ ನಾಲ್ಕು ಅಂಕಿ ಬರುತ್ತದೆ, ಅದು ಕಂಪನಿ ನೋಂದಣಿಯಾದ ಇಸವಿ. ಇವರದು 2023. ಹದಿನೈದು ವರ್ಷದಿಂದ ಗ್ರಾಂಟ್ ಕೊಡುತ್ತಿರುವವರು ಹುಟ್ಟಿದ್ದೇ 2023ರಲ್ಲಿ! ಅದರ ಪಕ್ಕದಲ್ಲಿ ಮೂರು ಅಕ್ಷರ. ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ ಆದರೆ ಎನ್‌ಪಿಎಲ್ ಅಂತ ಇರುತ್ತದೆ. ಇವರದು ಪಿಟಿಸಿ. ಮಾಮೂಲಿ ಪ್ರೈವೇಟ್ ಲಿಮಿಟೆಡ್. ಫೌಂಡೇಶನ್ನೂ ಇಲ್ಲ, ಮಣ್ಣೂ ಇಲ್ಲ. ಈ ನಂಬರ್ ಮಾರ್ಚ್‌ನಿಂದ ನನ್ನ ಫೋನಿನಲ್ಲೇ ಬಿದ್ದಿತ್ತು.

ಎಫ್‌ಸಿಆರ್‌ಎ ಕತೆಯೂ ಅಷ್ಟೇ. ಅದು ದುಡ್ಡು ತರಿಸಿಕೊಳ್ಳುವ ಸಂಸ್ಥೆ ಗೃಹ ಸಚಿವಾಲಯದಲ್ಲಿ ಮಾಡಿಸಿಕೊಳ್ಳಬೇಕಾದ ನೋಂದಣಿ. 2020ರ ತಿದ್ದುಪಡಿ ಆದ ಮೇಲೆ ಅಂಥ ಸಂಸ್ಥೆಗೆ ವಿದೇಶದ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕತ್ರಿಗುಪ್ಪೆಯ ನಾನು ಯಾರದೋ ಫೈನಾನ್ಸ್ ಹೆಡ್‌ಗೆ 35,000 ಯುಪಿಐ ಮಾಡುವುದು ಆ ಕಾನೂನಿನಲ್ಲಿ ಎಲ್ಲೂ ಇಲ್ಲ.

ದುಡ್ಡು ವಾಪಸ್ ಕೊಡಿ ಅಂತ ಬರೆದೆ. ಆಗ ಬಂದ ಉತ್ತರ ಓದಿ ಕೈಕಾಲು ತಣ್ಣಗಾಯಿತು. "ಅಗ್ರಿಮೆಂಟ್‌ನ ನಾಲ್ಕನೇ ಪುಟ ಓದಿ ಮೇಡಂ." ಓದಿದೆ. ನಾನು ಸೆಲೆಕ್ಟ್ ಆಗಿದ್ದು ಗ್ರಾಂಟ್‌ಗೆ ಅಲ್ಲ. "ಗ್ರಾಂಟ್ ರೆಡಿನೆಸ್ ಪ್ರೋಗ್ರಾಮ್" ಅನ್ನುವುದಕ್ಕೆ. ಅಂದರೆ ಟ್ಯೂಷನ್‌ಗೆ! ಸ್ಪಾನ್ಸರ್ ಹಣ ಲಭ್ಯವಿದ್ದರೆ ಮಾತ್ರ ಗ್ರಾಂಟ್ ಪರಿಗಣಿಸಲಾಗುವುದು ಅಂತ ಒಂದು ಸಾಲು. ಕಟ್ಟಿದ ಶುಲ್ಕ ಮರಳಿಸುವುದಿಲ್ಲ ಅಂತ ಇನ್ನೊಂದು ಸಾಲು. ಕಳಿಸಿದ ಚಿತ್ರಗಳನ್ನು ಪ್ರಚಾರಕ್ಕೆ ಬಳಸುವ ಹಕ್ಕು ಅವರದು ಅಂತ ಮತ್ತೊಂದು. ಕೆಳಗೆ ನನ್ನ ಸಹಿ. ಚೆಂದದ ಸಹಿ, ಅಚ್ಚಿನ ಕೆಳಗೆ ಪೆನ್ಸಿಲ್‌ನಲ್ಲಿ ಹಾಕುತ್ತೇನಲ್ಲ, ಅದೇ ಸಹಿ.

ಡೆಪಾಸಿಟ್ ಆದರೂ ವಾಪಸ್ ಅಂತ ಹೇಳಿದ್ದಿರಲ್ಲ ಅಂದರೆ, "ಪುಸ್ತಕ ಬಂದ ಮೇಲೆ ಅಂತ ಹೇಳಿದ್ದು. ಪುಸ್ತಕ ಎಲ್ಲಿ?" ಅಂದ. ಇದಕ್ಕೆ ಏನು ಹೇಳುತ್ತೀರಿ? ಪುಸ್ತಕ ಮಾಡಲಿಕ್ಕೆ ತಾನೇ ನಿನ್ನ ಹತ್ತಿರ ಬಂದಿದ್ದು ಮಾರಾಯ!

ಜಯನಗರದ ವಿಳಾಸಕ್ಕೆ ಹೋದೆ. ದಿನದ ಲೆಕ್ಕದಲ್ಲಿ ಟೇಬಲ್ ಬಾಡಿಗೆಗೆ ಕೊಡುವ ಆಫೀಸು. ರಿಸೆಪ್ಷನ್ ಹುಡುಗಿ ಪಾಪ, "ಅವರು ಯಾವಾಗ್ಲೋ ಒಂದ್ಸಲ ಮೀಟಿಂಗ್ ರೂಮ್ ತಗೋತಾರೆ ಮೇಡಂ. ಹೋದ ವಾರಾನೂ ಒಬ್ಬರು ಕೇಳ್ಕೊಂಡು ಬಂದಿದ್ರು" ಅಂದಳು. ಆ ಒಬ್ಬರು ಇದನ್ನು ಓದುತ್ತಿದ್ದರೆ ದಯವಿಟ್ಟು ನನ್ನನ್ನು ಸಂಪರ್ಕಿಸಿ. ಒಬ್ಬಳೇ ದೂರು ಕೊಡುವುದಕ್ಕೂ ಇಬ್ಬರು ಕೊಡುವುದಕ್ಕೂ ವ್ಯತ್ಯಾಸ ಇದೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ದುಡ್ಡು ಹೋದ ತಕ್ಷಣ ಮಾಡಬೇಕಿತ್ತು, ಆಗ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾನು ನಾಚಿಕೆಯಲ್ಲಿ ವಾರಗಟ್ಟಲೆ ಕೂತೆ. ನನ್ನ ಸಹಿ ಇರುವ ಅಗ್ರಿಮೆಂಟ್ ಇದೆಯಲ್ಲ, ಇದು ಸಿವಿಲ್ ವ್ಯಾಜ್ಯ ಆಗುತ್ತದೆ, ಪೊಲೀಸ್ ಕೇಸ್ ಅಲ್ಲ ಅಂತ ಅಲ್ಲಿ ಇಲ್ಲಿ ಹೇಳಿಸಿಕೊಂಡಿದ್ದೂ ಆಯಿತು. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕ ಇಲ್ಲ. ಜಿಎಸ್‌ಟಿ ಹಾಕಿ ಬಿಲ್ ಕೊಟ್ಟಿದ್ದಾನೆ, ಅಂದರೆ ಸೇವೆ ಮಾರಿದ್ದೇನೆ ಅಂತ ಅವನೇ ಒಪ್ಪಿಕೊಂಡ ಹಾಗೆ ಅಂದರು ವಕೀಲರು. ನೋಡೋಣ.

ಉಪದೇಶ ಮಾಡುವ ಮುಖ ನನಗಿಲ್ಲ. ಆದರೂ. ಅರ್ಜಿ ಹಾಕುವಾಗ ಸಣ್ಣ ಶುಲ್ಕ ಕೇಳುವ ರೆಸಿಡೆನ್ಸಿಗಳು ಹೊರದೇಶದಲ್ಲಿ ಇವೆ, ಅದು ಬೇರೆ. ಆಯ್ಕೆ ಆದ ಮೇಲೆ ದುಡ್ಡು ಕೇಳಿದರೆ ಅದು ಗ್ರಾಂಟ್ ಅಲ್ಲ. ತೆರಿಗೆ ಇದ್ದರೆ ಕೊಡುವವರು ಮುರಿದುಕೊಂಡು ಕೊಡುತ್ತಾರೆ, ನಮ್ಮಿಂದ ಮುಂಚೆ ಇಸಿದುಕೊಳ್ಳುವುದಿಲ್ಲ. ನಮ್ಮ ಊರಿನಲ್ಲೇ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, 1995ರಿಂದ ಗ್ರಾಂಟ್ ಕೊಡುತ್ತಿದ್ದಾರೆ, ಪ್ರಪೋಸಲ್ ಕನ್ನಡದಲ್ಲೇ ಬರೆಯಬಹುದು. ಅಲ್ಲಿ ತಿಂಗಳುಗಟ್ಟಲೆ ಕಾಯಬೇಕಲ್ಲ ಅಂತ ನಾನು ಅರ್ಜಿಯನ್ನೇ ಹಾಕಲಿಲ್ಲ. ಇವನು ಹತ್ತು ದಿನದಲ್ಲಿ ಸೆಲೆಕ್ಟ್ ಮಾಡಿದ. ಮತ್ತೆ ನಾಲ್ಕನೇ ಪುಟ. ನಾಲ್ಕನೇ ಪುಟ ಓದಿ. ಹೊಗಳಿದವರ ಅಗ್ರಿಮೆಂಟ್ ಅಂತೂ ಎರಡು ಸಲ ಓದಿ.

ಮೊನ್ನೆ ಒಬ್ಬ ಹಳೇ ವಿದ್ಯಾರ್ಥಿನಿ ಪೋಸ್ಟರ್ ಕಳಿಸಿದಳು. "ಮಿಸ್, ಇದು ನಿಮ್ಮದಲ್ವಾ? ಕಂಗ್ರಾಟ್ಸ್! ನಾನೂ ಅಪ್ಲೈ ಮಾಡ್ಲಾ?" ಎರಡನೇ ಬ್ಯಾಚಿಗೆ ಅರ್ಜಿ ಆಹ್ವಾನ, ಈ ತಿಂಗಳ ಕೊನೆಯವರೆಗೆ ಸಮಯ. ಹಿಂದೆ ಪೂರ್ತಿ ಹರಡಿಕೊಂಡಿರುವುದು ಕಪ್ಪು ಮಸಿಯಲ್ಲಿ ಎರಡು ಕೈ, ಮಗ್ಗದ ಎಳೆ, ಎಡಗೈಯ ತೋರುಬೆರಳಿನ ತುದಿ ಇಲ್ಲ. ಮಿಲ್ಲಿನಲ್ಲಿ ಹೋದ ಬೆರಳು ಅದು. ನಮ್ಮ ತಾತನದು. ಆ ಪೋಸ್ಟರ್ ನಿಮಗೆ ಬಂದರೆ ಅದರಲ್ಲಿರುವ ನಂಬರ್‌ಗೆ ಫೋನ್ ಮಾಡಬೇಡಿ, ನನಗೆ ಕಳಿಸಿ. ದೂರಿನ ಜೊತೆ ಲಗತ್ತಿಸಬೇಕು.